ಅಜ್ಜಿ ಅಳೆಯುತ್ತಿದ್ದಳು

ಕನ್ನಡದಲ್ಲಿ ಈಚೆಗೆ ಅಡುಗೆಮನೆಯ ಪ್ರಬಂಧಗಳ ಸುಗ್ಗಿ. ಓದಲು ನನಗೂ ಇಷ್ಟ. ಆದರೆ ಅವುಗಳಲ್ಲಿ ಒಂದು ಮಾತು ಎಷ್ಟು ಸಲ ಎದುರಾಗುತ್ತದೆಂದರೆ, ಈಗೀಗ ಅದು ಬರುವ ಎರಡು ಸಾಲು ಮೊದಲೇ ವಾಸನೆ ಹೊಡೆಯುತ್ತದೆ: ನಮ್ಮಜ್ಜಿ ಯಾವತ್ತೂ ಅಳೆದವಳಲ್ಲ, ಕೈಗೆ ಬಂದಷ್ಟು ಉಪ್ಪು, ಕಣ್ಣಿಗೆ ಕಂಡಷ್ಟು ಬೆಲ್ಲ, ಆದರೂ ಆ ರುಚಿ! ಅದರ ಬೆನ್ನಿಗೇ ಈಗಿನವರ ಅಳತೆಯ ಚಮಚಗಳಿಗೆ, ತೂಕದ ಯಂತ್ರಗಳಿಗೆ, ಗ್ರಾಮು ಮಿಲಿಲೀಟರುಗಳಿಗೆ ಒಂದು ಸಣ್ಣ ಗುದ್ದು. ಅಳತೆ ಎಂದರೆ ಯಾಂತ್ರಿಕ, ಅಂದಾಜು ಎಂದರೆ ಜೀವಂತ. ಅಳೆಯುವವರು ಗುಮಾಸ್ತರು, ಅಳೆಯದವರು ಕಲಾವಿದರು. ಇಷ್ಟು ಸಿಹಿಯಾದ ಮಾತಿಗೆ ಯಾರು ಎದುರಾಡುತ್ತಾರೆ?

ನಾನು ಎದುರಾಡುತ್ತೇನೆ. ಈ ಮಾತು ಸುಳ್ಳು, ಅಜ್ಜಿಗೆ ಮಾಡುವ ಅವಮಾನ, ಮತ್ತು ಕೆಲವು ಕಡೆ ನೇರವಾಗಿ ಅಪಾಯ. ಆದರೆ ನನ್ನ ಸಾಕ್ಷಿ ಬರುವುದು ಅಜ್ಜಿಯ ಒಲೆಯ ಹತ್ತಿರದಿಂದಲ್ಲ. ಮನೆಯಲ್ಲೇ ಮಾಡಿದ ಬಿಯರನ್ನು ಬಾಟಲಿಗೆ ತುಂಬುವಾಗ ಹಾಕುವ ಒಂದು ಚೂರು ಸಕ್ಕರೆಯಿಂದ. ಮಡಿವಂತರು ಬೇಕಾದರೆ ಇಲ್ಲಿಗೇ ನಿಲ್ಲಿಸಬಹುದು.

ನಾನು ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಹದಿನೇಳನೆಯ ಶತಮಾನದ ಗೃಹಕೃತ್ಯದ ಕೈಪಿಡಿಗಳ ಭಾಷೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ‘ಸಾಕಾಗುವಷ್ಟು’, ‘ತಕ್ಕಷ್ಟು’ ಎಂಬ ಪದಗಳು ನಿಜಕ್ಕೂ ಎಷ್ಟು ಎಂದು ಹುಡುಕುವುದೇ ನನ್ನ ಕೆಲಸ. ಈ ದೇಶದಲ್ಲಿ ಮನೆಯಲ್ಲಿ ಬಿಯರ್ ಮಾಡುವುದು ಬಾಲ್ಕನಿಯಲ್ಲಿ ಕೊತ್ತಂಬರಿ ಬೆಳೆಯುವಷ್ಟು ಮಾಮೂಲಿ ಹವ್ಯಾಸ. 1880ರಿಂದ ಇದಕ್ಕೆ ಲೈಸೆನ್ಸ್ ಬೇಕಿತ್ತು; 1963ರ ಬಜೆಟ್ಟಿನಲ್ಲಿ ಹಣಕಾಸು ಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಅಂದಿನಿಂದ ಸ್ವಂತಕ್ಕೆ ಮಾಡಿಕೊಳ್ಳುವವರು ಯಾರನ್ನೂ ಕೇಳಬೇಕಿಲ್ಲ, ಮಾರುವ ಹಾಗಿಲ್ಲ ಅಷ್ಟೆ. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಇದನ್ನು ಓದಿ ಧಾರವಾಡದ ಹಾಸ್ಟೆಲ್ ರೂಮಿನಲ್ಲಿ ಯಾರೂ ಬಕೀಟು ಇಟ್ಟುಕೊಂಡು ಕೂರುವುದು ಬೇಡ.

ವಿಷಯ ಇಷ್ಟು. ಮಾಲ್ಟಿನ ಕಷಾಯಕ್ಕೆ ಯೀಸ್ಟ್ ಹಾಕಿ ಎರಡು ವಾರ ಬಿಟ್ಟರೆ ಅದು ಹುದುಗಿ ಬಿಯರಾಗುತ್ತದೆ. ಹುದುಗುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡಿನಲ್ಲಿ ಬಹುಪಾಲು ಹೊರಗೆ ಹೋಗಿರುತ್ತದೆ. ಉಳಿಯುವುದು ಸಪ್ಪೆ ಬಿಯರು. ನೊರೆ ಇಲ್ಲ, ನಾಲಗೆಗೆ ಚುರುಕು ಇಲ್ಲ. ಕಾರ್ಖಾನೆಯವರು ಸಿಲಿಂಡರಿನಿಂದ ಅನಿಲ ತುಂಬುತ್ತಾರೆ, ನಮ್ಮ ಗೋಲಿ ಸೋಡಾದವರು ಮಾಡುವ ಹಾಗೆಯೇ. ಮನೆಯವರಿಗೆ ಆ ಅನುಕೂಲ ಇಲ್ಲ. ಅವರು ಬಾಟಲಿಗೆ ತುಂಬುವ ಮುಂಚೆ ಬಿಯರಿಗೆ ಸ್ವಲ್ಪ ಸಕ್ಕರೆ ಸೇರಿಸಿ, ಮುಚ್ಚಳ ಜಡಿದು, ಎರಡು ಮೂರು ವಾರ ಬೆಚ್ಚಗಿನ ಜಾಗದಲ್ಲಿ ಇಡುತ್ತಾರೆ. ಬಿಯರಿನಲ್ಲಿ ಇನ್ನೂ ತೇಲುತ್ತಿರುವ ಯೀಸ್ಟು ಆ ಸಕ್ಕರೆಯನ್ನು ತಿಂದು ಮತ್ತೆ ಅನಿಲ ಬಿಡುತ್ತದೆ. ಈ ಸಲ ಹೋಗಲು ದಾರಿಯಿಲ್ಲ. ಅನಿಲ ಬಿಯರಿನಲ್ಲೇ ಕರಗುತ್ತದೆ. ಈ ಸಕ್ಕರೆಗೆ ಪ್ರೈಮಿಂಗ್ ಶುಗರ್ ಎನ್ನುತ್ತಾರೆ.

ಎಷ್ಟು ಸಕ್ಕರೆ? ಎಲ್ಲ ಜಗಳವೂ ಇಲ್ಲೇ.

ಸಾರಿಗೆ ಉಪ್ಪು ಕಮ್ಮಿಯಾದರೆ ಇನ್ನೊಂದು ಚಿಟಿಕೆ ಹಾಕುತ್ತೇವೆ. ಹೆಚ್ಚಾದರೆ ಒಂದು ಲೋಟ ನೀರು, ಇಲ್ಲವೇ ಒಂದು ಆಲೂಗಡ್ಡೆ. ರುಚಿ ನೋಡುವುದು, ತಿದ್ದುವುದು, ಮತ್ತೆ ನೋಡುವುದು: ಕಣ್ಣಂದಾಜು ಬದುಕಿರುವುದೇ ಈ ಓಡಾಟದ ಮೇಲೆ. ಬಾಟಲಿಯ ಸಕ್ಕರೆಗೆ ಈ ಸೌಲಭ್ಯ ಇಲ್ಲ. ಮುಚ್ಚಳ ಬಿದ್ದ ಮೇಲೆ ಒಳಗೆ ಏನಾಗುತ್ತಿದೆ ಎಂದು ಬಾಟಲಿ ಹೇಳುವುದಿಲ್ಲ. ಹೇಳುವ ಹೊತ್ತಿಗೆ ಅದು ತೆರೆದಿರುತ್ತದೆ, ಇಲ್ಲವೇ ಒಡೆದಿರುತ್ತದೆ.

ಲೆಕ್ಕ ನೋಡೋಣ. ಸಾಹಿತ್ಯದ ಪತ್ರಿಕೆಯಲ್ಲಿ ಲೆಕ್ಕ ಬರಬಾರದೆಂದು ಎಲ್ಲೂ ಬರೆದಿಲ್ಲ. ಬಿಯರಿನೊಳಗಿನ ಅನಿಲವನ್ನು ‘ವಾಲ್ಯೂಮ್’ ಎಂಬ ಮಾನದಲ್ಲಿ ಎಣಿಸುತ್ತಾರೆ. ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಅನಿಲ ಕರಗಿದ್ದರೆ ಒಂದು ವಾಲ್ಯೂಮ್. ತೂಕದಲ್ಲಿ ಅದು ಹೆಚ್ಚು ಕಡಿಮೆ 2 ಗ್ರಾಂ. ಇಂಗ್ಲೆಂಡಿನ ಸಾಂಪ್ರದಾಯಿಕ ಏಲ್‌ಗಳಿಗೆ ಒಂದೂವರೆಯಿಂದ ಎರಡು ವಾಲ್ಯೂಮ್ ಸಾಕು. ಅಮೆರಿಕದವರಿಗೆ ಎರಡೂವರೆ ಬೇಕು. ಜರ್ಮನಿಯ ಗೋಧಿ ಬಿಯರಿಗೆ ಮೂರೂವರೆ ದಾಟಿದರೂ ನಡೆಯುತ್ತದೆ, ಆದರೆ ಅದಕ್ಕೆ ದಪ್ಪ ಗಾಜಿನ ಬಾಟಲಿ ಬೇಕು. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಮೊದಲೇ ಸುಮಾರು 0.86 ವಾಲ್ಯೂಮ್ ಅನಿಲ ಉಳಿದಿರುತ್ತದೆ. ಮಿಕ್ಕಿದ್ದು ಸಕ್ಕರೆಯಿಂದ ಬರಬೇಕು. ಒಂದು ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಅರ್ಧ ಗ್ರಾಮಿಗಿಂತ ಚೂರು ಹೆಚ್ಚು ಅನಿಲ ಕೊಡುತ್ತದೆ. ಅಂದರೆ ಲೀಟರಿಗೆ 4 ಗ್ರಾಂ ಸಕ್ಕರೆ ಹಾಕಿದರೆ ಒಂದು ವಾಲ್ಯೂಮ್ ಏರುತ್ತದೆ. ಇದಿಷ್ಟೇ ಗಣಿತ, ಏಳನೇ ಕ್ಲಾಸಿನ ಹುಡುಗಿ ಮಾಡುತ್ತಾಳೆ.

ಈಗ ಇದನ್ನು ಚಮಚದಿಂದ ಮಾಡಿ ನೋಡಿ. ಅರ್ಧ ಲೀಟರಿನ ಬಾಟಲಿಗೆ ಅರ್ಧ ಟೀ ಚಮಚ ಸಕ್ಕರೆ ಎಂಬುದು ಇಲ್ಲಿನ ಹಳೆಯ ನಿಯಮ. ಸಮತಟ್ಟಾಗಿ ಸವರಿದ ಅರ್ಧ ಚಮಚ ಎಂದರೆ ಸುಮಾರು 2 ಗ್ರಾಂ. ಬಿಯರು 1.9 ವಾಲ್ಯೂಮಿಗೆ ಬಂದು ನಿಲ್ಲುತ್ತದೆ, ಚೆನ್ನಾಗಿರುತ್ತದೆ. ಅರ್ಧ ಎಲ್ಲಿ ಮುಗಿಯಿತು ಎಂದು ತಿಳಿಯದೆ ಚಮಚ ತುಂಬಿಸಿದಿರೋ, 4 ಗ್ರಾಂ. ಬಿಯರು 3 ವಾಲ್ಯೂಮಿಗೆ ಏರುತ್ತದೆ. ತೆರೆದರೆ ಅರ್ಧ ಬಾಟಲಿ ನೆಲಕ್ಕೆ. ಉದಾರ ಮನಸ್ಸಿನಿಂದ ಗೋಪುರ ಕಟ್ಟಿದಿರೋ, 6 ಅಥವಾ 7 ಗ್ರಾಂ. 4 ವಾಲ್ಯೂಮ್ ದಾಟಿತು. ಆಗ ಒಳಗಿನ ಒತ್ತಡ ಕಾರಿನ ಟೈರಿನ ಒತ್ತಡಕ್ಕಿಂತ ಹತ್ತಿರ ಹತ್ತಿರ ಇಮ್ಮಡಿ. ಅದೇ ಬಾಟಲಿ 30 ಡಿಗ್ರಿಯ ಬಿಸಿಗೆ ಬಂದರೆ ಅನಿಲ ಬಿಯರಿನಿಂದ ಮೇಲೆದ್ದು ಒತ್ತಡ ಇನ್ನೂ ಏರುತ್ತದೆ. ಟೈರು ರಬ್ಬರಿನದು, ಉಬ್ಬುತ್ತದೆ. ಗಾಜಿಗೆ ಉಬ್ಬುವುದು ಗೊತ್ತಿಲ್ಲ.

ಸವರಿದ ಅರ್ಧ ಚಮಚಕ್ಕೂ ಗೋಪುರದ ಚಮಚಕ್ಕೂ ನಡುವೆ ಇರುವುದು 4 ಅಥವಾ 5 ಗ್ರಾಂ, ಕಾಫಿಗೆ ಹಾಕಿದರೆ ಯಾರೂ ಗಮನಿಸದಷ್ಟು.

ನಾನಿದ್ದ ಬಾಡಿಗೆ ಮನೆಯಲ್ಲಿ ಒಬ್ಬ ಸಂಶೋಧಕ ಗೆಳೆಯನಿದ್ದ. ಹೆಸರು ಬೇಡ. ಅವನು ಬಿಯರ್ ಮಾಡುತ್ತಿದ್ದ, ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಸಕ್ಕರೆಯ ವಿಷಯಕ್ಕೆ ಬಂದರೆ ತತ್ತ್ವಜ್ಞಾನಿಯಾಗುತ್ತಿದ್ದ. ಅಡುಗೆಮನೆಯಲ್ಲಿ ನನ್ನ ತೂಕದ ಯಂತ್ರ ಇತ್ತು, 0.1 ಗ್ರಾಮಿನವರೆಗೆ ತೋರಿಸುವಂಥದ್ದು. ಅವನು ಅದನ್ನು ಮುಟ್ಟುತ್ತಿರಲಿಲ್ಲ. ಅಳತೆ ಎಂಬುದು ಕೈಗಾರಿಕಾ ಯುಗದ ರೋಗ, ನಿನ್ನಂಥ ಭಾರತೀಯಳಿಗೆ ಇದನ್ನು ನಾನು ಹೇಳಬೇಕೇ, ನಿಮ್ಮದು ಕೈಯ ಸಂಸ್ಕೃತಿ ಅಲ್ಲವೇ ಎನ್ನುತ್ತಿದ್ದ. ನನ್ನ ಸಂಸ್ಕೃತಿಯನ್ನು ನನಗೇ ವಿವರಿಸುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದಿರಲಿ. ಬಾಟಲಿಗಳನ್ನು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಬಿಸಿನೀರಿನ ಕೊಳವೆಯ ಪಕ್ಕ ಜೋಡಿಸಿ ಕಾನ್ಫರೆನ್ಸಿಗೆ ಹೋದ. ಮೂರನೆಯ ರಾತ್ರಿ ಎರಡು ಬಾಟಲಿಗಳು ಸಿಡಿದವು. ಒಂದರ ಕತ್ತಿನ ಚೂರು ಕಪಾಟಿನ ಬಾಗಿಲಿನ ಒಳಮೈಗೆ ನಾಟಿಕೊಂಡಿತ್ತು. ಉಳಿದ ಹದಿನೆಂಟಕ್ಕೆ ಮಂದ ಟವೆಲ್ ಹೊದಿಸಿ, ಚಳಿಗೆ ಹಾಕುವ ಕೋಟು ತೊಟ್ಟು, ಈಜುವ ಕನ್ನಡಕ ಹಾಕಿಕೊಂಡು, ಒಂದೊಂದಾಗಿ ಹಿತ್ತಲಿಗೆ ಸಾಗಿಸಿದ್ದು ನಾನು. ಕೈಯ ಸಂಸ್ಕೃತಿ ಆಗ ಲಿಸ್ಬನ್ನಿನಲ್ಲಿ ಪ್ರಬಂಧ ಮಂಡಿಸುತ್ತಿತ್ತು.

ಕಣ್ಣಂದಾಜಿನ ಆರಾಧಕರ ಮೇಲೆ ನನಗಿರುವ ದೊಡ್ಡ ದೂರು ಇದೇ. ಸಕ್ಕರೆ ಹಾಕುವವನು ಒಬ್ಬ, ಬಾಟಲಿ ತೆರೆಯುವವಳು ಇನ್ನೊಬ್ಬಳು. ನಡುವೆ ಮೂರು ವಾರ, ಒಂದು ಪಾರ್ಸಲ್, ಒಂದು ಹುಟ್ಟುಹಬ್ಬದ ಉಡುಗೊರೆ. ಅಂದಾಜಿನ ಸುಖ ಹಾಕಿದವನಿಗೆ. ಅಂದಾಜು ತಪ್ಪಿದರೆ ಗಾಜು ಬರುವುದು ತೆರೆದವಳ ಕಣ್ಣಿಗೆ.

ಈ ಗಾಜಿನ ಚರಿತ್ರೆ ಸಣ್ಣದಲ್ಲ. ಮುಚ್ಚುವ ಮುಂಚೆ ಸಕ್ಕರೆ ಹಾಕಿ ಮದ್ಯವನ್ನು ಚುರುಕಾಗಿಸುವ ಪದ್ಧತಿಯನ್ನು ಲಂಡನ್ನಿನ ವೈದ್ಯ ಕ್ರಿಸ್ಟೋಫರ್ ಮೆರೆಟ್ 1662ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದ ಬರಹದಲ್ಲಿ ದಾಖಲಿಸಿದ. ವೈನ್ ವ್ಯಾಪಾರಿಗಳು ಸಕ್ಕರೆಯನ್ನೂ ಕಾಕಂಬಿಯನ್ನೂ ಬೆರೆಸುತ್ತಿದ್ದರಂತೆ. ಕಲ್ಲಿದ್ದಲಿನ ಕುಲುಮೆಯಲ್ಲಿ ಕಾಯಿಸಿದ ಇಂಗ್ಲಿಷ್ ಗಾಜು ಗಟ್ಟಿಯಾಗಿದ್ದರಿಂದ ಅದು ತಡೆಯುತ್ತಿತ್ತು. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಇದೇ ಕೆಲಸ ಶುರುವಾದಾಗ ನೆಲಮಾಳಿಗೆಗಳು ರಣರಂಗವಾದವು. ಒಂದು ಬಾಟಲಿ ಒಡೆದರೆ ಅದರ ಚೂರು ಬಡಿದು ಪಕ್ಕದ್ದು, ಅದರಿಂದ ಅದರ ಪಕ್ಕದ್ದು. ಅಲ್ಲಿನ ಕೂಲಿಗಳು ಮುಖಕ್ಕೆ ಕಬ್ಬಿಣದ ಮುಖವಾಡ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ತಲೆಮಾರುಗಳ ಅನುಭವವಿದ್ದ, ನಾಲಗೆಯಲ್ಲೇ ಬಳ್ಳಿಯ ಊರು ಹೇಳಬಲ್ಲ ವೈನ್ ಪಂಡಿತರಿಗೆ ಇದನ್ನು ನಿಲ್ಲಿಸಲಾಗಲಿಲ್ಲ. ದಾರಿ ತೋರಿಸಿದವನು ಶಾಲೋನ್ ಎಂಬ ಊರಿನ ಔಷಧದ ಅಂಗಡಿಯವನು, ಝ್ಯಾಂ ಬ್ಯಾಪ್ಟಿಸ್ಟ್ ಫ್ರಾನ್ಸ್ವಾ. 1836ರ ಸುಮಾರಿಗೆ ಅವನು ವೈನಿನಲ್ಲಿ ಮೊದಲೇ ಉಳಿದಿರುವ ಸಕ್ಕರೆ ಎಷ್ಟು ಎಂದು ಅಳೆದು, ಅದಕ್ಕೆ ಇನ್ನೆಷ್ಟು ಸೇರಿಸಬಹುದು ಎಂದು ಲೆಕ್ಕ ಹಾಕುವ ಕ್ರಮವನ್ನು ಕೊಟ್ಟ. ಒಡೆಯುವುದು ಗಣನೀಯವಾಗಿ ಇಳಿಯಿತು. ಶಾಂಪೇನಿನ ಬಗ್ಗೆ ಬರೆಯುವವರು ಸನ್ಯಾಸಿ ಡೊಂ ಪೆರಿನ್ಯೋನ ಕಥೆಯನ್ನು ಸಾವಿರ ಸಲ ಹೇಳಿದ್ದಾರೆ. ತಕ್ಕಡಿ ಹಿಡಿದ ಔಷಧದ ಅಂಗಡಿಯವನು ಯಾರಿಗೂ ಬೇಡ.

ಅಮೆರಿಕದವರ ಕಥೆಯೂ ಸ್ವಾರಸ್ಯವಾಗಿದೆ. ಅಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಮೇಲಷ್ಟೇ ಮನೆಯ ಬಿಯರು ಕೇಂದ್ರ ಕಾನೂನಿನೊಳಗೆ ಬಂತು. 1984ರಲ್ಲಿ ಚಾರ್ಲಿ ಪಪೇಜಿಯನ್ ಬರೆದ ‘ದಿ ಕಂಪ್ಲೀಟ್ ಜಾಯ್ ಆಫ್ ಹೋಮ್‌ಬ್ರೂಯಿಂಗ್’ ಒಂದು ಇಡೀ ತಲೆಮಾರಿನ ಕೈಪಿಡಿಯಾಯಿತು. ಗಾಬರಿ ಬೇಡ, ಆರಾಮಾಗಿರಿ ಎನ್ನುವುದು ಅದರ ಧೋರಣೆ. ಅದಕ್ಕೆ ನನ್ನ ಗೌರವವಿದೆ. ಹೊಸಬರ ಭಯ ಬಿಡಿಸುವುದೂ ಒಂದು ವಿದ್ಯೆ. ಐದು ಗ್ಯಾಲನ್ ಬಿಯರಿಗೆ ಮುಕ್ಕಾಲು ಕಪ್ಪು ಜೋಳದ ಸಕ್ಕರೆ ಎಂಬ ಸೂತ್ರವನ್ನು ಜನಪ್ರಿಯಗೊಳಿಸಿದ್ದೂ ಅದೇ ಪುಸ್ತಕ. ಸೂತ್ರ ಬಾಯಿಂದ ಬಾಯಿಗೆ ಹೋಗುವಾಗ ‘ಜೋಳದ’ ಎಂಬುದು ಎಲ್ಲೋ ಬಿದ್ದುಹೋಗುತ್ತದೆ. ಜೋಳದ ಸಕ್ಕರೆ ನುಣುಪು ಪುಡಿ, ಮುಕ್ಕಾಲು ಕಪ್ಪು ತುಂಬಿದರೆ 115 ಗ್ರಾಮಿನ ಆಸುಪಾಸು. ಹರಳು ಸಕ್ಕರೆ ಅದೇ ಕಪ್ಪಿನಲ್ಲಿ ಸುಮಾರು 150 ಗ್ರಾಂ ಕೂರುತ್ತದೆ. ಜೊತೆಗೆ ಜೋಳದ ಸಕ್ಕರೆಯ ಹರಳಿನೊಳಗೆ ನೀರಿನ ಅಂಶವಿದೆ, ಗ್ರಾಮಿಗೆ ಕೊಡುವ ಅನಿಲವೂ ಕಡಿಮೆ. ಎರಡೂ ಸೇರಿ, ಅದೇ ಕಪ್ಪಿನಿಂದ ಒಂದೂವರೆ ಪಟ್ಟು ಅನಿಲ. 2.2 ವಾಲ್ಯೂಮಿನ ಬಿಯರು 2.9ಕ್ಕೆ ಹೋಗಿ ಕೂರುತ್ತದೆ. ಕಪ್ಪು ಒಂದೇ, ಕೈ ಒಂದೇ, ಅಂದಾಜೂ ಒಂದೇ. ತಕ್ಕಡಿಯಲ್ಲಿಟ್ಟಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು.

ಅಳತೆ ಕಲೆಯನ್ನು ಕೊಲ್ಲುತ್ತದೆ ಎನ್ನುವವರಿಗೆ ಬಿಯರಿನ ಇತಿಹಾಸವೇ ಉತ್ತರ ಹೇಳುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಆಲ್ಟನ್ ಊರಿನ ಜೇಮ್ಸ್ ಬಾವರ್‌ಸ್ಟಾಕ್ ಎಂಬ ಯುವಕ, ಹೊಸತನ್ನು ಸಹಿಸದ ಅಪ್ಪನ ಕಣ್ಣು ತಪ್ಪಿಸಿ ತಮ್ಮ ಬಿಯರ್ ಭಟ್ಟಿಯಲ್ಲಿ ಥರ್ಮಾಮೀಟರ್ ಬಳಸುತ್ತಿದ್ದನಂತೆ. ಆಮೇಲೆ ಹೈಡ್ರೋಮೀಟರ್ ತಂದ. ಅದನ್ನು ಲಂಡನ್ನಿನ ದೊಡ್ಡ ಬಿಯರ್ ದೊರೆ ಸ್ಯಾಮ್ಯುಯೆಲ್ ವಿಟ್‌ಬ್ರೆಡ್‌ಗೆ ತೋರಿಸಿದರೆ, ಇಂಥ ಕನಸು ಬಿಟ್ಟು ನಿನ್ನ ಕೆಲಸ ನೋಡಿಕೋ ಹೋಗು ಎಂದು ಕಳಿಸಿದರೆಂದು ಹೇಳುತ್ತಾರೆ. ಶಾಖ ಮತ್ತು ಶ್ರಮದ ಸಂಬಂಧವನ್ನು ತೋರಿಸಿಕೊಟ್ಟ ಜೇಮ್ಸ್ ಜೂಲ್ ಸಾಲ್ಫರ್ಡಿನ ಬಿಯರ್ ಮನೆತನದವನು. ತಾಪಮಾನದ ತೀರ ಸಣ್ಣ ವ್ಯತ್ಯಾಸವನ್ನೂ ಓದುವ ರೂಢಿ ಆ ಕೆಲಸದ ಜೊತೆಗೇ ಬೆಳೆದದ್ದು. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಸಂಖ್ಯಾಶಾಸ್ತ್ರದ ಲೇಖನ, ಇವತ್ತು ಪ್ರತಿ ಪಿಎಚ್‌ಡಿ ವಿದ್ಯಾರ್ಥಿ ಅರ್ಥವಾಗದಿದ್ದರೂ ಬಳಸುವ ಟಿ ಪರೀಕ್ಷೆಯ ಮೂಲ, ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಯ ನೌಕರ ವಿಲಿಯಂ ಗಾಸೆಟ್‌ದು. ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸುವಂತಿರಲಿಲ್ಲ. ಮರುವರ್ಷ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸನ್ ಪಿಎಚ್ ಮಾನವನ್ನು ಕೊಟ್ಟ. ಇವರಲ್ಲಿ ಯಾರೂ ಬಿಯರಿನ ರುಚಿ ಕೆಡಿಸಿದರೆಂದು ನಾನು ಕೇಳಿಲ್ಲ.

ಈಗ ಅಜ್ಜಿಗೆ ಬರೋಣ.

ನನ್ನ ಸಂಶೋಧನೆಯಲ್ಲಿ ದಿನಾ ಎದುರಾಗುವವನು ಸರ್ ಕೆನೆಲ್ಮ್ ಡಿಗ್ಬಿ. ರಾಜತಂತ್ರಜ್ಞ, ಹಡಗುಗಳ್ಳ, ರಸವಾದಿ. ಗಟ್ಟಿ ಗಾಜಿನ ಬಾಟಲಿಯ ಕೀರ್ತಿಯಲ್ಲೂ ಅವನಿಗೆ ಒಂದು ಪಾಲು ಕೊಡುತ್ತಾರೆ. ಅವನು ಸತ್ತ ಮೇಲೆ, 1669ರಲ್ಲಿ, ಅವನ ಪಾಕಸಂಗ್ರಹ ಅಚ್ಚಾಯಿತು. ಅದರ ತುಂಬ ಜೇನಿನ ಮದ್ಯದ ವಿಧಾನಗಳು, ಎಷ್ಟೋ ಪರಿಚಿತ ಹೆಂಗಸರಿಂದ ಪಡೆದವು. ಮೇಲುನೋಟಕ್ಕೆ ಎಲ್ಲ ಅಂದಾಜು: ನೀರಿಗೆ ಸಾಕಾಗುವಷ್ಟು ಜೇನು. ಸಾಕು ಎಂದು ತಿಳಿಯುವುದು ಹೇಗೆ? ಒಂದು ಹಸಿ ಮೊಟ್ಟೆ ಬಿಡಬೇಕು. ಅದು ತೇಲಬೇಕು. ತೇಲಿದ ಮೊಟ್ಟೆಯ ಭಾಗ ನೀರಿನ ಮೇಲೆ ಇಂತಿಂಥ ಬೆಳ್ಳಿ ನಾಣ್ಯದಷ್ಟು ಅಗಲ ಕಾಣಬೇಕು. ಹೆಚ್ಚು ಕಂಡರೆ ಜೇನು ಜಾಸ್ತಿ, ಕಡಿಮೆ ಕಂಡರೆ ಕಮ್ಮಿ. ಇದು ಹೈಡ್ರೋಮೀಟರ್ ಅಲ್ಲದೆ ಇನ್ನೇನು? ಸಾಂದ್ರತೆಯನ್ನು ಅಳೆಯುವ ಉಪಕರಣ, ಅದಕ್ಕೆ ಗುರುತು, ಗುರುತಿಗೆ ಊರೆಲ್ಲ ಒಪ್ಪಿದ ಒಂದು ನಾಣ್ಯ. ಆ ಹೆಂಗಸರನ್ನು ‘ಕೈಗುಣ ಇದ್ದವರು’ ಎಂದು ಹೊಗಳಿ ಮುಂದೆ ಹೋಗುವ ವಿದ್ವಾಂಸರನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ನಮ್ಮ ಒಂದೆಳೆ ಪಾಕವೂ ಇದೇ. ಕುದಿಯುವ ಸಕ್ಕರೆಯ ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆದರೆ ಒಂದು ನೂಲು ಮುರಿಯದೆ ನಿಲ್ಲಬೇಕು. ನಿಂತರೆ ಮೈಸೂರು ಪಾಕಿಗೆ ಹಿಟ್ಟು ಸುರಿಯುವ ಹೊತ್ತು. ನೂಲು ನಿಲ್ಲುವುದು ದ್ರಾವಣದಲ್ಲಿ ಸಕ್ಕರೆಯ ಪಾಲು ಒಂದು ಮಟ್ಟ ಮುಟ್ಟಿದಾಗ, ಶಾಖ 105 ಡಿಗ್ರಿಯ ಆಸುಪಾಸಿಗೆ ಬಂದಾಗ. ಒಂದೆಳೆ, ಎರಡೆಳೆ: ಎಣಿಸಿ ಇಟ್ಟಿದ್ದಾರೆ! ಅಕ್ಕಿಯ ಮೇಲೆ ನೀರು ಬೆರಳಿನ ಒಂದು ಗೆಣ್ಣು. ಹಿಟ್ಟಿಗೆ ಪಾವು, ಎಣ್ಣೆಗೆ ಸೌಟು. ಅಜ್ಜಿಯ ಮನೆಯಲ್ಲಿ ಅದೇ ಪಾವು, ಅದೇ ಸೌಟು, ಅದೇ ಹಿತ್ತಾಳೆ ಪಾತ್ರೆ, ಅದೇ ಒಲೆ ನಲವತ್ತು ವರ್ಷ ಇದ್ದವು. ಅಷ್ಟು ವರ್ಷ ತಪ್ಪು ತಿದ್ದಿಕೊಂಡು ಬಂದ ಕೈ ಅದು. ಅದನ್ನು ಅಳತೆಯಿಲ್ಲದ್ದು ಎನ್ನುವುದು, ನಾವು ನೋಡುತ್ತಾ ನಿಂತಾಗ ನಮಗೆ ಅಳತೆ ಕಾಣಲಿಲ್ಲ ಎಂಬುದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಗಂಡಸು ಅಳೆದರೆ ಶಾಸ್ತ್ರ, ಹೆಂಗಸು ಅಳೆದರೆ ಕೈಗುಣ. ಶಾಸ್ತ್ರಕ್ಕೆ ಪುಸ್ತಕ ಉಂಟು, ಶಿಷ್ಯರು ಉಂಟು; ಕೈಗುಣ ಅಜ್ಜಿಯ ಜೊತೆಗೇ ಚಿತೆಗೆ ಹೋಗುತ್ತದೆ, ಮೇಲೆ ಮೊಮ್ಮಗನ ಒಂದು ಲಲಿತ ಪ್ರಬಂಧ.

ಬಳ್ಳೇಶ ಮಲ್ಲಯ್ಯನ ಕಥೆ ಗೊತ್ತಲ್ಲ? ಧಾನ್ಯ ಅಳೆಯುವ ಬಳ್ಳವನ್ನೇ ಲಿಂಗವೆಂದು ನಂಬಿ ಪೂಜಿಸಿದ ಶರಣ. ಅವನ ಭಕ್ತಿಗೆ ಬಳ್ಳ ಲಿಂಗವಾಯಿತಂತೆ. ನಮ್ಮ ಪ್ರಬಂಧಕಾರರ ಭಕ್ತಿಗೆ ಅಜ್ಜಿಯ ಕೈಯಲ್ಲಿದ್ದ ಬಳ್ಳವೇ ಮಾಯವಾಗಿದೆ.

ಇಲ್ಲಿ ನನ್ನ ಸಹಪಾಠಿಗಳು ಒಂದು ಆಕ್ಷೇಪ ಎತ್ತುತ್ತಾರೆ. ಅದು ಹಗುರವಾದದ್ದಲ್ಲ. ಏಕರೂಪದ ಅಳತೆ ಪ್ರಭುತ್ವದ ಕಣ್ಣು, ತೆರಿಗೆಯವನ ಮತ್ತು ಮಾರುಕಟ್ಟೆಯ ಭಾಷೆ, ಊರೂರಿನ ಅಳತೆಗಳಲ್ಲಿದ್ದ ಜೀವನಜ್ಞಾನವನ್ನು ಅದು ನುಂಗಿತು ಎಂದು. ಜೇಮ್ಸ್ ಸ್ಕಾಟ್ 1998ರಲ್ಲಿ ಬರೆದ ‘ಸೀಯಿಂಗ್ ಲೈಕ್ ಎ ಸ್ಟೇಟ್’ ಪುಸ್ತಕವನ್ನು ನಮ್ಮ ವಿಭಾಗದಲ್ಲಿ ಓದದವರಿಲ್ಲ. ಕನಿಷ್ಠ ಮೊದಲ ಅಧ್ಯಾಯ. ಆದರೆ ಊರಿನ ಅಳತೆಯನ್ನು ಜಮೀನ್ದಾರ ಹೇಗೆ ಹಿಗ್ಗಿಸಿ ಕುಗ್ಗಿಸಿ ರೈತನನ್ನು ಸುಲಿದ ಎಂಬುದನ್ನೂ ಅದೇ ಪುಸ್ತಕ ಹೇಳುತ್ತದಲ್ಲ, ಆ ಪುಟಗಳಿಗೆ ಬಂದಾಗ ಎಲ್ಲರಿಗೂ ಟೀ ವಿರಾಮ. 1789ರಲ್ಲಿ ಫ್ರಾನ್ಸಿನ ಹಳ್ಳಿಗಳಿಂದ ದೊರೆಗೆ ಹೋದ ಅಹವಾಲುಗಳಲ್ಲಿ ಮತ್ತೆ ಮತ್ತೆ ಬಂದ ಬೇಡಿಕೆಗಳಲ್ಲಿ ಒಂದು, ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ಕೊಡಿ ಎಂಬುದು. ಕೇಳಿದವರಲ್ಲಿ ರೈತರಿದ್ದರು. ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಇನ್ನೊಂದು ಕೊಳಗ ಎಂದರೆ ಏನೆಂದು ಕೂಲಿಗೆ ಕಾಳು ಪಡೆದ ಮನೆಗಳಿಂದ ಬಂದ ನಮ್ಮಲ್ಲಿ ಕೆಲವರಿಗೆ ವಿವರಿಸಬೇಕಾಗಿಲ್ಲ. ಕಣ್ಣಂದಾಜು ರಮ್ಯವಾಗಿ ಕಾಣುವುದು ಅಳೆದು ಕೊಡುವವನ ಕಡೆ ನಿಂತು ನೋಡಿದಾಗ.

ಹಾಗೆಂದು ಅಂಕಿಯ ಭಕ್ತರನ್ನೂ ನಾನು ಬಿಡುವುದಿಲ್ಲ. ಅವರದು ಬೇರೆಯದೇ ಕುರುಡು. ಈಗ ಸಕ್ಕರೆಯ ಲೆಕ್ಕ ಹಾಕಿಕೊಡುವ ಆ್ಯಪ್‌ಗಳಿವೆ. ಎಷ್ಟು ಲೀಟರ್, ಎಷ್ಟು ವಾಲ್ಯೂಮ್, ಬಿಯರಿನ ತಾಪಮಾನ ಎಷ್ಟು ಎಂದು ಕೇಳುತ್ತವೆ. ಮೂರನೆಯ ಪ್ರಶ್ನೆಯಲ್ಲಿ ಜನ ಎಡವುತ್ತಾರೆ. ಬಾಟಲಿಗೆ ತುಂಬುವ ಮುಂಚೆ ಬಿಯರು ತಿಳಿಯಾಗಲೆಂದು ಕೆಲವರು ಅದನ್ನು ಎರಡು ದಿನ ಫ್ರಿಜ್ಜಿನಲ್ಲಿ ಇಡುತ್ತಾರೆ. ಈಗ ಅದು 2 ಡಿಗ್ರಿ. ಪ್ರಾಮಾಣಿಕವಾಗಿ 2 ಎಂದು ತುಂಬಿಸುತ್ತಾರೆ. ತಣ್ಣನೆಯ ಬಿಯರಿನಲ್ಲಿ ಹೆಚ್ಚು ಅನಿಲ ಕರಗಿರುತ್ತದೆ ಎಂಬ ನಿಯಮದಂತೆ ಆ್ಯಪು, ಒಳಗೆ ಆಗಲೇ 1.6 ವಾಲ್ಯೂಮ್ ಇದೆ ಎಂದುಕೊಂಡು, 20 ಲೀಟರನ್ನು 2.4 ವಾಲ್ಯೂಮಿಗೆ ತರಲು 62 ಗ್ರಾಂ ಸಕ್ಕರೆ ಸಾಕು ಎನ್ನುತ್ತದೆ. ಆದರೆ ಆ ಬಿಯರು ಹುದುಗಿದ್ದು 20 ಡಿಗ್ರಿಯಲ್ಲಿ. ಹೋಗಬೇಕಾದ ಅನಿಲ ಅಲ್ಲೇ ಹೋಯಿತು. ಹುದುಗು ಮುಗಿದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಹೊಸ ಅನಿಲ ಎಲ್ಲಿಂದ ಬರಬೇಕು? ಆ್ಯಪಿಗೆ ಕೊಡಬೇಕಾದದ್ದು ಹುದುಗು ಮುಗಿಯುತ್ತಾ ಬಂದಾಗಿನಿಂದ ಬಿಯರು ಮುಟ್ಟಿದ ಅತಿ ಹೆಚ್ಚಿನ ತಾಪಮಾನ. 20 ಎಂದು ತುಂಬಿಸಿದರೆ ಉತ್ತರ 117 ಗ್ರಾಂ. ಎರಡು ಉತ್ತರಗಳ ನಡುವೆ ಒಂದು ಹಿಡಿ ಸಕ್ಕರೆಯ ಅಂತರ, ಎರಡೂ ಗ್ರಾಮಿನವರೆಗೆ ನಿಖರ.

ಇದಕ್ಕಿಂತ ಕೆಟ್ಟದ್ದು, ಹುದುಗು ಮುಗಿಯುವ ಮೊದಲೇ ತುಂಬುವುದು. ಸಕ್ಕರೆಯನ್ನು ಎಷ್ಟೇ ನಾಜೂಕಾಗಿ ತೂಗಿದ್ದರೂ ಬಿಯರಿನಲ್ಲೇ ಇನ್ನೂ ತಿನ್ನಲು ಉಳಿದಿದ್ದರೆ ಆ ತೂಕಕ್ಕೆ ಅರ್ಥವಿಲ್ಲ. ಹೈಡ್ರೋಮೀಟರಿನಲ್ಲಿ 1.014 ತೋರಿಸುವಾಗ ತುಂಬಿದ ಬಿಯರು ಆಮೇಲೆ ಬಾಟಲಿಯೊಳಗೆ 1.010ಕ್ಕೆ ಇಳಿದರೆ, ಆ ನಾಲ್ಕು ಗೆರೆಗಳೇ ಎರಡು ವಾಲ್ಯೂಮ್ ಅನಿಲವನ್ನು ಹೆಚ್ಚುವರಿಯಾಗಿ ತುಂಬುತ್ತವೆ. ಆದ್ದರಿಂದ ಎರಡು ಮೂರು ದಿನ ಬಿಟ್ಟು ಬಿಟ್ಟು ನೋಡಿ, ಅಂಕಿ ಕದಲದೆ ನಿಂತಿದೆ ಎಂದು ಖಾತ್ರಿಯಾದ ಮೇಲೆ ತುಂಬಬೇಕು. ಶಾಲೋನಿನ ಅಂಗಡಿಯವನು ಮಾಡಿದ್ದೂ ಇದನ್ನೇ: ಹಾಕುವುದನ್ನು ಅಳೆಯುವ ಮೊದಲು ಇರುವುದನ್ನು ಅಳೆದ. ಅಜ್ಜಿಯೂ ದೋಸೆ ಹಿಟ್ಟಿಗೆ ಉಪ್ಪು ಹಾಕುವ ಮೊದಲು ಹುಳಿ ಎಷ್ಟು ಬಂದಿದೆ ಎಂದು ಮೂಸಿ ನೋಡುತ್ತಿದ್ದಳು.

ಈಗ ನಮ್ಮ ಮನೆಯಲ್ಲಿ ಬಿಯರ್ ಮಾಡುವವರು ಬೇರೆ ಇಬ್ಬರು. ನಾನು ತೂಗುವವಳು. ಬಾಟಲಿ ಬಾಟಲಿಗೆ ಚಮಚ ಹಿಡಿದು ಹೋಗುವುದನ್ನು ನಿಲ್ಲಿಸಿದ್ದೇವೆ. ಇಡೀ 20 ಲೀಟರಿಗೆ ಬೇಕಾದ ಸಕ್ಕರೆಯನ್ನು ಒಟ್ಟಿಗೆ ತೂಗಿ, ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ತೊಳೆದ ಬಕೀಟಿನ ತಳಕ್ಕೆ ಸುರಿದು, ಅದರ ಮೇಲೆ ಬಿಯರನ್ನು ಕೊಳವೆಯಲ್ಲಿ ಸದ್ದಿಲ್ಲದೆ ಇಳಿಸುತ್ತೇವೆ. ಮೆಲ್ಲಗೆ ಒಂದು ಸುತ್ತು ಕಲಕುತ್ತೇವೆ, ಗಾಳಿ ಸೇರದ ಹಾಗೆ. ಸಕ್ಕರೆ ಎಲ್ಲ ಬಾಟಲಿಗೂ ಸಮನಾಗಿ ಹೋಗುತ್ತದೆ. ಪ್ರತಿ ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆಯುತ್ತೇನೆ. ಯಾರಿಗಾದರೂ ಕೊಡುವ ಬಾಟಲಿಯಾದರೆ ಅದರ ಕತ್ತಿಗೆ ಒಂದು ಚೀಟಿ ಕಟ್ಟುತ್ತೇನೆ: ಲೀಟರಿಗೆ 5.9 ಗ್ರಾಂ ಸಕ್ಕರೆ, ಹುದುಗಿದ್ದು 20 ಡಿಗ್ರಿಯಲ್ಲಿ, ತೆರೆಯುವ ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿ ನಿಲ್ಲಿಸಿಡಿ.